ಬೆಲ್ಲದ ನೀರು ಹಾಕಿದರೆ ಗೆಣಸು ಸಿಹಿಯಾಗುತ್ತದೆಯೇ?

ಸಂಕ್ರಾಂತಿ ಬಂತೆಂದರೆ ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಕಬ್ಬು, ಅವರೆಕಾಯಿಯ ಪಕ್ಕದಲ್ಲೇ ಗೆಣಸಿನ ರಾಶಿ. ಬುಡಕ್ಕೆ ಬೆಲ್ಲದ ನೀರು ಹಾಕಿದರೆ ಗೆಣಸಿನ ಸಿಹಿ ಹೆಚ್ಚುತ್ತದೆ ಎನ್ನುವವರಿದ್ದಾರೆ. ಇದು ನಿಜವಲ್ಲ. ಬೇರು ಮುಖ್ಯವಾಗಿ ಹೀರುವುದು ನೀರು, ಲವಣಗಳನ್ನು. ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಬೆಲ್ಲ ಸೇರುವುದು ಮಣ್ಣಿನ ಸೂಕ್ಷ್ಮಜೀವಿಗಳಿಗೆ (ಜೀವಾಮೃತಕ್ಕೆ ಬೆಲ್ಲ ಹಾಕುವುದೂ ಅವಕ್ಕಾಗಿಯೇ).

ಎಲೆಯ ಸಕ್ಕರೆಯನ್ನು ಗಡ್ಡೆಗೆ ಸಾಗಿಸಲು ಪೊಟ್ಯಾಷಿಯಂ ಬೇಕು. ಸಾರಜನಕವೂ ಬೇಕು, ಆದರೆ ಮಿತವಾಗಿ. 45 ಕೆ.ಜಿ.ಯ ಒಂದು ಮೂಟೆ ಯೂರಿಯಾದಲ್ಲಿ ಶೇ. 46ರಂತೆ 20 ಕೆ.ಜಿ.ಗೂ ಹೆಚ್ಚು ಸಾರಜನಕವಿದೆ. ಅತಿಯಾಗಿ ಸುರಿದರೆ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಅಗೆದರೆ ಬೆರಳು ಗಾತ್ರದ ಗಡ್ಡೆ! ದುಡ್ಡು ಕಳೆದುಕೊಳ್ಳುವವನು ರೈತ. ಯುರೋಪಿನ ಸಕ್ಕರೆ ಬೀಟ್‌ನದೂ ಇದೇ ಕತೆ: ಸಾರಜನಕ ಮಿತಿಮೀರಿದರೆ ಸಕ್ಕರೆಯ ಅಂಶ ಇಳಿಯುತ್ತದೆ. ಅಲ್ಲಿನ ಕಾರ್ಖಾನೆಗಳು ತೂಕದ ಜೊತೆಗೆ ಅದನ್ನೂ ಅಳೆದು ಬೆಲೆ ಕೊಡುತ್ತವೆ.

ಮಣ್ಣು ಸಡಿಲವಾಗಿರಬೇಕು. ನಮ್ಮ ಕೆಂಪು ಗೋಡುಮಣ್ಣು ಗೆಣಸಿಗೆ ಒಗ್ಗುತ್ತದೆ. ಜೇಡಿಯಲ್ಲಿ ನೀರು ನಿಂತು ಗಡ್ಡೆ ಸೊಟ್ಟಗಾಗುತ್ತದೆ, ಕೊಳೆಯುತ್ತದೆ. ತಾರಸಿಯ ಕುಂಡಕ್ಕೆ ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದರೆ ಸಾಕು.

ಇಷ್ಟಾದರೂ, ನಾಲಿಗೆಗೆ ತಿಳಿಯುವ ಸಿಹಿ ಬಹುಪಾಲು ತಳಿಯದು, ಒಲೆಯದು. ನಿಧಾನವಾಗಿ ಬಿಸಿಯಾದಾಗ ಗೆಣಸಿನೊಳಗಿನ ಅಮೈಲೇಸ್ ಕಿಣ್ವ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಸಕ್ಕರೆ ಕಾಯಿಲೆಯವರು ಗಮನಿಸಿ: ಸುಟ್ಟ ಗೆಣಸು ನೀರಿನಲ್ಲಿ ಬೇಯಿಸಿದ್ದಕ್ಕಿಂತ ಬೇಗ ರಕ್ತದ ಸಕ್ಕರೆಯನ್ನು ಏರಿಸುತ್ತದೆ.