ಕುಳಿತ ಕಾರು, ಕುಲುಕುವ ದಾರಿ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹತ್ತಿ ವ್ಯಾಪಾರಿಗಳಿಗೆ ‘ಕುಮಟಾ ಹತ್ತಿ’ ಎಂಬುದು ಪರಿಚಿತ ಹೆಸರಾಗಿತ್ತು. ವಿಶೇಷವೆಂದರೆ ಆ ಹತ್ತಿ ಕುಮಟೆಯಲ್ಲಿ ಬೆಳೆದದ್ದಲ್ಲ. ಧಾರವಾಡ ಸೀಮೆಯ ಹತ್ತಿ ಮೊದಲು ಹೇರೆತ್ತುಗಳ ಮೇಲೆ, ರಸ್ತೆಯಾದ ನಂತರ ಗಾಡಿಗಳಲ್ಲಿ ಘಟ್ಟವಿಳಿದು ಈ ಬಂದರಿನಲ್ಲಿ ಹಡಗೇರುತ್ತಿತ್ತು. ಹಾಗಾಗಿ ಬಂದರಿನ ಹೆಸರೇ ಸರಕಿಗೂ ಅಂಟಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ವ್ಯಾಪಾರ ಉಚ್ಛ್ರಾಯ ತಲುಪಿತು.

ಆ ಎತ್ತಿನ ಗಾಡಿಗಳಿಗೆ ಸ್ಪ್ರಿಂಗ್ ಎಂಬುದಿರಲಿಲ್ಲ. ಎರಡು ಚಕ್ರ, ಒಂದು ಅಚ್ಚು, ಅದರ ಮೇಲೆ ನೇರವಾಗಿ ಕುಳಿತ ಗಾಡಿಯ ಮೈ. ಚಕ್ರ ಕಲ್ಲು ಹತ್ತಿದರೆ ಗಾಡಿಯೂ ಹತ್ತಬೇಕು, ಗುಂಡಿಗೆ ಇಳಿದರೆ ಗಾಡಿಯೂ ಇಳಿಯಬೇಕು. ಹತ್ತಿಗೆ ಅದರಿಂದ ನೋವಿಲ್ಲ. ನೋವೇನಿದ್ದರೂ ಗಾಡಿ ಹೊಡೆಯುವವನ ಸೊಂಟಕ್ಕೆ. ಉಳ್ಳವರು ಮೇನೆಯಲ್ಲಿ ಹೋಗುತ್ತಿದ್ದರು. ಅಲ್ಲಿ ಹೊರುವವರ ಮೊಣಕಾಲುಗಳೇ ಸ್ಪ್ರಿಂಗ್!

ಇಂದು ಭಟ್ಕಳದಿಂದ ಹೊನ್ನಾವರದ ಮೂಲಕ ಕುಮಟೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಹಿಂದೆ 17ನೇ ಸಂಖ್ಯೆಯದಾಗಿದ್ದ ರಾಷ್ಟ್ರೀಯ ಹೆದ್ದಾರಿ ಈಗ 66 ಆಗಿದೆ. ಈ ದಾರಿಯಲ್ಲಿ ಹಳೆಯ ಫಿಯೆಟ್ಟನ್ನೋ ಪದ್ಮಿನಿಯನ್ನೋ ನೆಲಕ್ಕೆ ತಗ್ಗಿಸಿ ಓಡಿಸುವ ಷೋಕಿಯವರು, ತಮಗೆ ಅರಿವಿಲ್ಲದೆಯೇ ಹತ್ತಿ ಗಾಡಿಯವನ ಸಂಕಟವನ್ನು ಮರಳಿ ತಂದುಕೊಳ್ಳುತ್ತಾರೆ. ನೋಡಲು ಕಾರು ಚೆಂದ. ಕೂರಲು ಮನೆಯ ಹಿರಿಯರು ಒಲ್ಲರು. ಹೀಗೇಕೆ?

ಸವಾರಿಯ ಸುಖದ ಇತಿಹಾಸವೆಂದರೆ ಚಕ್ರವನ್ನು ಗಾಡಿಯ ಮೈಯಿಂದ ಬೇರ್ಪಡಿಸಿದ ಇತಿಹಾಸ. ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೋ ಕುಗ್ಗುತ್ತದೋ ಅಷ್ಟೇ ಪ್ರಮಾಣದಲ್ಲಿ ಅದರ ಬಲ ಬದಲಾಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕುದುರೆ ಸಾರೋಟುಗಳಿಗೆ ಉಕ್ಕಿನ ಕಮಾನುಪಟ್ಟಿ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸಿನಲ್ಲಿ ದುಡಿದ ಇಂಜಿನಿಯರ್ ಮಾರಿಸ್ ಆಲಿ ಇನ್ನೊಂದು ಸೂಕ್ಷ್ಮವನ್ನು ಕಂಡುಕೊಂಡ. ಉಬ್ಬು ಮೊದಲು ತಾಗುವುದು ಮುಂದಿನ ಚಕ್ರಕ್ಕೆ, ಆಮೇಲೆ ಹಿಂದಿನದಕ್ಕೆ. ಆದ್ದರಿಂದ ಮುಂಭಾಗ ನಿಧಾನವಾಗಿಯೂ ಹಿಂಭಾಗ ತುಸು ಬೇಗನೆಯೂ ತೂಗುವಂತಿದ್ದರೆ ಹಿಂದಿನದು ಮುಂದಿನದನ್ನು ಹಿಂಬಾಲಿಸಿ ಹಿಡಿಯುತ್ತದೆ, ಕಾರು ಸಮತಟ್ಟಾಗಿ ಸಾಗುತ್ತದೆ.

ಈ ತಿಳಿವಳಿಕೆ ನಮ್ಮ ರಸ್ತೆಗಳಿಗೆ ಫಿಯೆಟ್ಟಿನೊಡನೆ ಬಂತು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1964ರಲ್ಲಿ ಫಿಯೆಟ್ 1100 ಡಿಲೈಟ್ ಹೊರಬಿತ್ತು. ಎಪ್ಪತ್ತರ ದಶಕದಲ್ಲಿ ಅದೇ ಕಾರು ಪ್ರೀಮಿಯರ್ ಪದ್ಮಿನಿಯಾಯಿತು. 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದ ಉತ್ತರ ಕನ್ನಡಕ್ಕೆ ಮುಂಬಯಿಯ ವಾಹನವೇನೂ ಅಪರಿಚಿತವಲ್ಲ. ಅದರ ಮುಂದಿನ ಚಕ್ರಗಳಿಗೆ ಒಂದೊಂದು ಸುರುಳಿ ಸ್ಪ್ರಿಂಗ್, ಹಿಂದಿನ ಅಚ್ಚಿಗೆ ಕಮಾನುಪಟ್ಟಿ. ಸೇತುವೆಗಳಿಲ್ಲದ ಕಾಲದಲ್ಲಿ ಕರಾವಳಿಯ ಹೊಳೆಗಳನ್ನು ವಾಹನಗಳು ದಾಟುತ್ತಿದ್ದುದು ಜೋಡುದೋಣಿಯ ಮೇಲೆ ಹಲಗೆ ಹಾಸಿದ ಜಂಗಲಿನಲ್ಲಿ. ಹಲಗೆಯ ಏರನ್ನು ಹತ್ತಲು ಕಾರಿನ ಹೊಟ್ಟೆ ನೆಲದಿಂದ ಮೇಲಿರಲೇಬೇಕಿತ್ತು. ಆಗ ತಗ್ಗಿದ ಕಾರು ಯಾರಿಗೂ ಬೇಕಿರಲಿಲ್ಲ.

ಕಾರನ್ನು ತಗ್ಗಿಸುವ ಅಗ್ಗದ ಉಪಾಯ ಸುರುಳಿ ಕತ್ತರಿಸುವುದು. ಎಂಟು ಸುರುಳಿಯ ಸ್ಪ್ರಿಂಗಿನಲ್ಲಿ ಎರಡನ್ನು ಕತ್ತರಿಸಿದರೆ ಉಳಿದದ್ದು ಮೂರನೇ ಒಂದು ಪಾಲಿನಷ್ಟು ಹೆಚ್ಚು ಗಡುಸಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಜಾಗದ್ದು. ಚಕ್ರ ಮೇಲೇಳಲು 75 ಮಿಲಿಮೀಟರ್ ಅವಕಾಶವಿದ್ದ ಕಾರನ್ನು 50 ಮಿಲಿಮೀಟರ್ ಇಳಿಸಿದರೆ ಉಳಿಯುವುದು 25 ಮಾತ್ರ. ಅದೇ ಹೊಡೆತವನ್ನು ಮೂರನೇ ಒಂದರಷ್ಟು ಅಂತರದಲ್ಲಿ ನುಂಗಬೇಕಾದರೆ ಸ್ಪ್ರಿಂಗ್ ಒಂಬತ್ತು ಪಟ್ಟು ಗಡುಸಾಗಿರಬೇಕೆಂದು ಲೆಕ್ಕ ಹೇಳುತ್ತದೆ. ಕತ್ತರಿಸಿದ ಸ್ಪ್ರಿಂಗಿಗೆ ಆ ಶಕ್ತಿಯಿಲ್ಲ. ಹೀಗಾಗಿ ಪ್ರತಿ ಗುಂಡಿಗೂ ಅಚ್ಚು ಮೇಲಿನ ರಬ್ಬರ್ ತಡೆಗೆ ಧಡ್ಡನೆ ಬಡಿಯುತ್ತದೆ. ಆ ಕ್ಷಣದಲ್ಲಿ ಕಾರು ಹತ್ತಿ ಗಾಡಿಯೇ. ಮುಂದಿನ ಸ್ಪ್ರಿಂಗುಗಳನ್ನು ಮಾತ್ರ ಕತ್ತರಿಸಿದರಂತೂ ಆಲಿಯ ಸೂತ್ರ ತಲೆಕೆಳಗಾಗಿ ಕಾರು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತದೆ.

ಮನುಷ್ಯನ ದೇಹಕ್ಕೂ ಇದರಲ್ಲಿ ಪಾಲಿದೆ. ಒಳ್ಳೆಯ ಕಾರಿನ ಮೈ ಸೆಕೆಂಡಿಗೆ ಒಂದು ಒಂದೂವರೆ ಬಾರಿ ತೂಗುತ್ತದೆ. ಅದನ್ನು ಶರೀರ ಸಹಿಸುತ್ತದೆ. ಕುಳಿತವರನ್ನು ಹೆಚ್ಚು ಕಾಡುವುದು ಸೆಕೆಂಡಿಗೆ 4ರಿಂದ 8 ಬಾರಿಯ ಮೇಲೆ ಕೆಳಗಿನ ಅದುರುವಿಕೆ. ಗಡುಸಾದ, ತಗ್ಗಿದ ಕಾರು ಅತ್ತಲೇ ಸರಿಯುತ್ತದೆ.

ಜಾಗ ಕಡಿಮೆಯಿದ್ದೂ ಸುಖ ಸಾಧ್ಯವೆಂದು ತೋರಿಸಿದ ಕಾರು ಇಂಗ್ಲೆಂಡಿನ ಮಿನಿ. 1956ರ ಸುಯೆಜ್ ಬಿಕ್ಕಟ್ಟಿನ ಪೆಟ್ರೋಲ್ ಅಭಾವ ಅದರ ಹುಟ್ಟಿಗೆ ಕಾರಣ. 1959ರ ಆ ಪುಟ್ಟ ಕಾರಿಗೆ ಅಲೆಕ್ ಮೌಲ್ಟನ್ ಉಕ್ಕಿನ ಬದಲು ರಬ್ಬರಿನ ಶಂಕುಗಳನ್ನು ಕೊಟ್ಟ. ಒತ್ತಿದಷ್ಟೂ ಅದು ಹೆಚ್ಚು ಹೆಚ್ಚು ಬಿಗಿಯಾಗುತ್ತದೆ, ಕೊನೆಯಲ್ಲಿ ಧಡ್ಡೆನ್ನುವುದಿಲ್ಲ. ತಗ್ಗಿಸಿದ ಕಾರಿನ ಚಿಕಿತ್ಸೆಯ ಸುಳಿವು ಇಲ್ಲಿಯೇ ಇದೆ. ಗಟ್ಟಿ ರಬ್ಬರ್ ತಡೆಯ ಬದಲು ಮೆತ್ತಗೆ ಆರಂಭವಾಗಿ ಕ್ರಮೇಣ ಬಿಗಿಯಾಗುವ, ಸೂಕ್ಷ್ಮ ರಂಧ್ರಗಳ ತಡೆಯನ್ನು ಹಾಕಿದರೆ ಏಟಿನ ತುದಿ ಮೊಂಡಾಗುತ್ತದೆ.

ಉಳಿದ ಉಪಾಯಗಳೂ ಇದೇ ಜಾತಿಯವು. ಮೊದಲನೆಯದು, ಇಳಿಸಿದ ಎತ್ತರದಲ್ಲಿ ಅರ್ಧವನ್ನಾದರೂ ಹಿಂದಿರುಗಿಸುವುದು. ಒಂದು ಅಂಗುಲವೂ ದೊಡ್ಡದೇ. ಎರಡನೆಯದು, ಷಾಕ್ ಅಬ್ಸಾರ್ಬರ್. ಮೂಲ ಎತ್ತರಕ್ಕೆಂದು ಮಾಡಿದ್ದು ತಗ್ಗಿದ ಕಾರಿನಲ್ಲಿ ತಳದ ಹತ್ತಿರವೇ ಆಡುತ್ತದೆ, ತಳಕ್ಕೆ ಬಡಿದು ಹಾಳಾಗುತ್ತದೆ. ಗಿಡ್ಡನೆಯದೇ ಬೇಕು. ಹಿಂದಿನ ಕಮಾನುಪಟ್ಟಿಗಳ ನಡುವೆ ತುಕ್ಕು ಹಿಡಿದರೆ ಎಲೆಗಳು ಒಂದರ ಮೇಲೊಂದು ಜಾರದೆ ಇಡೀ ಕಟ್ಟು ಒಂದೇ ದಿಮ್ಮಿಯಂತಾಗುತ್ತದೆ. ಬಿಚ್ಚಿ ತಿಕ್ಕಿ ಗ್ರೀಸ್ ಹಚ್ಚಿದರೆ ಅರ್ಧ ಕಾಯಿಲೆ ವಾಸಿ. ಅಗಲ ಹೆಚ್ಚು, ಎತ್ತರ ಕಡಿಮೆ ಇರುವ ಟೈರಿನ ಮೋಹ ಬಿಡಬೇಕು. ಟೈರಿನ ಬದಿಗೋಡೆಯೂ ಒಂದು ಸ್ಪ್ರಿಂಗೇ. ಕುಗ್ಗಿದ ಸೀಟಿನ ಮೆತ್ತೆಯನ್ನು ಹೊಸತಾಗಿಸುವುದು ಎಲ್ಲಕ್ಕಿಂತ ಅಗ್ಗ.

ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಇದು ಸುಖದ ಪ್ರಶ್ನೆ ಮಾತ್ರವಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಕಡಲ ಉಪ್ಪುಗಾಳಿ ಬೀಸುವ ನೆಲವಿದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಊರೊಳಗಿನ ಉಬ್ಬುಗಳೆಲ್ಲ ಅಳತೆ ನೋಡಿ ಹುಟ್ಟಿದವಲ್ಲ. ತಗ್ಗಿದ ಕಾರಿನ ಹೊಟ್ಟೆ ಉಜ್ಜಿ ಬಣ್ಣ ಕಿತ್ತಲ್ಲಿ ಉಪ್ಪು ಸೇರುತ್ತದೆ. ಫಿಯೆಟ್ಟಿಗೆ ಬೇರೆ ಚಾಸಿಯಿಲ್ಲ. ತಗಡಿನ ಮೈಯೇ ಅದರ ಎಲುಬು. ತಳ ತುಕ್ಕು ಹಿಡಿದರೆ ಕಾರು ಮುಗಿದಂತೆ.

ಕಾನೂನೂ ಇದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 2021ರ ನಿಯಮಗಳು 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ಕಾರುಗಳಿಗೆ ‘ವಿಂಟೇಜ್’ ಮಾನ್ಯತೆ ನೀಡುತ್ತವೆ. ಡಿಲೈಟ್ ಕಾರುಗಳು ಆಗಲೇ ಆ ವಯಸ್ಸು ದಾಟಿವೆ. ಕತ್ತರಿಸಿದ ಸುರುಳಿ ಮತ್ತೆ ಬೆಳೆಯುವುದಿಲ್ಲವಾದ್ದರಿಂದ, ಮೂಲ ಸ್ಪ್ರಿಂಗುಗಳನ್ನು ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಾದರೂ ಇಟ್ಟುಕೊಳ್ಳುವುದು ಲೇಸು.