ಯಾರ ಹಂಗೂ ಬೇಡ ಅಂದ ಊರು

ಇವತ್ತಿನ ಸಂಚಿಕೆ ಲವೊದಿಕೀಯ ಅನ್ನೋ ಊರಿನ ಬಗ್ಗೆ. ಈಗಿನ ಟರ್ಕಿಯ ಡೆನಿಜ್ಲಿ ನಗರದ ಹತ್ತಿರ ಇದರ ಅವಶೇಷಗಳಿವೆ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಏಳು ಸಭೆಗಳಿಗೆ ಬರೆದ ಪತ್ರಗಳಿವೆ. ಕೊನೆಯ ಪತ್ರ ಈ ಊರಿನ ಸಭೆಗೆ. ಹೊಗಳಿಕೆಯ ಒಂದು ಮಾತೂ ಅದರಲ್ಲಿಲ್ಲ. ಯಾಕೆ ಅಷ್ಟು ಸಿಟ್ಟು? ನಾನು ಕಾಮರ್ಸ್ ಓದಿದವನು, ಹಾಗಾಗಿ ಮೊದಲು ಊರಿನ ಲೆಕ್ಕ ನೋಡೋಣ.

ಲವೊದಿಕೀಯ ಹಣದ ವ್ಯವಹಾರದ ಊರು. ಕ್ರಿ.ಪೂ. 51ರಲ್ಲಿ ರೋಮಿನ ಸಿಸೆರೊ ಕಿಲಿಕ್ಯ ಪ್ರಾಂತ್ಯದ ಅಧಿಕಾರ ವಹಿಸಿಕೊಳ್ಳಲು ಹೊರಟಾಗ, ತನಗೆ ಬರಬೇಕಿದ್ದ ಸರ್ಕಾರಿ ಹಣ ಪಡೆಯೋದಕ್ಕೆ ಆರಿಸಿಕೊಂಡದ್ದು ಇದೇ ಊರನ್ನ. ಇಲ್ಲಿನ ಕಪ್ಪು ಉಣ್ಣೆ ಒಳ್ಳೆಯ ಆದಾಯ ತರುತ್ತೆ ಅಂತ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಹತ್ತಿರದಲ್ಲೇ ಹೆಸರಾಂತ ವೈದ್ಯಶಾಲೆ ಇತ್ತು. ಇದೇ ಫ್ರುಗ್ಯ ಸೀಮೆಯ ಹೆಸರಿನ ಪುಡಿಯೊಂದು ಕಣ್ಣಿನ ಔಷಧವಾಗಿ ಬಳಕೆಯಲ್ಲಿತ್ತು.

ಕ್ರಿ.ಶ. 17ರಲ್ಲಿ ಇದೇ ಪಶ್ಚಿಮ ಏಷ್ಯಾ ಮೈನರ್‌ನ ಸಾರ್ದಿಸ್ ಭೂಕಂಪಕ್ಕೆ ಕುಸಿದಾಗ, ಚಕ್ರವರ್ತಿ ತಿಬೇರಿಯ 1 ಕೋಟಿ ಸೆಸ್ಟರ್ಸ್ ನಾಣ್ಯ ಕೊಟ್ಟು 5 ವರ್ಷ ತೆರಿಗೆ ಮನ್ನಾ ಮಾಡಿದ. ಸುಮಾರು ಕ್ರಿ.ಶ. 60ರಲ್ಲಿ ಲವೊದಿಕೀಯವೂ ಬಿತ್ತು. ಅದು ರೋಮಿನ ನೆರವಿಲ್ಲದೆ ತನ್ನದೇ ಹಣದಲ್ಲಿ ಎದ್ದು ನಿಂತಿತು ಅಂತ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ನಿಜಕ್ಕೂ ದೊಡ್ಡ ಸಾಧನೆ, ಹೆಮ್ಮೆ ಪಟ್ಟರೆ ತಪ್ಪೇನಿಲ್ಲ ಅನಿಸುತ್ತೆ.

ಹೆಚ್ಚಿನ ವಿದ್ವಾಂಸರ ಪ್ರಕಾರ ಪ್ರಕಟನೆ ಬರೆದದ್ದು ಇದಾದ ಮೂರ್ನಾಲ್ಕು ದಶಕಗಳ ಮೇಲೆ. ಪತ್ರ ಆ ಹೆಮ್ಮೆಗೇ ಕೈ ಹಾಕುತ್ತೆ. ಶ್ರೀಮಂತರು, ಯಾವುದಕ್ಕೂ ಕೊರತೆಯಿಲ್ಲ ಅಂದುಕೊಂಡವರನ್ನ ಬಡವರು, ಕುರುಡರು, ಬಟ್ಟೆಯಿಲ್ಲದವರು ಅನ್ನುತ್ತೆ. ಚಿನ್ನ, ಬಿಳಿ ಬಟ್ಟೆ, ಕಣ್ಣಿಗೆ ಅಂಜನ, ಇವನ್ನ ಕ್ರಿಸ್ತನಿಂದ ಕೊಂಡುಕೊಳ್ಳಿ ಅನ್ನುತ್ತೆ. ಹಣ, ಉಣ್ಣೆ, ಔಷಧ: ಊರು ಏನನ್ನು ಮಾರಿ ಬದುಕುತ್ತಿತ್ತೋ ಅದನ್ನೇ ಕೊಳ್ಳೋಕೆ ಹೇಳಿದ ಹಾಗಾಯ್ತು!

ಉಗುರುಬೆಚ್ಚಗಿದ್ದೀರಿ ಅನ್ನೋ ಪ್ರಸಿದ್ಧ ಬೈಗುಳವೂ ಇಲ್ಲೇ ಬರೋದು. ಸುಮಾರು 10 ಕಿಲೋಮೀಟರ್ ದೂರದ ಹಿಯೆರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಇನ್ನೊಂದು ಕಡೆ ಕೊಲೊಸ್ಸೆಯಲ್ಲಿ ತಣ್ಣನೆ ನೀರು. ಲವೊದಿಕೀಯಕ್ಕೆ ಮಾತ್ರ ನೀರು ಹೊರಗಿನಿಂದ ಕೊಳವೆಯಲ್ಲಿ ಬರಬೇಕಿತ್ತು. ಸುಣ್ಣ ಕಟ್ಟಿ ದಪ್ಪಗಾದ ಆ ಕೊಳವೆಗಳನ್ನ ಇವತ್ತೂ ಅಲ್ಲಿ ನೋಡಬಹುದು. ಬೈಗುಳದ ಹಿಂದೆ ಈ ನೀರೇ ಇದೆ ಅಂತ ಅನೇಕರು ಓದುತ್ತಾರೆ. ನನಗೆ ಕುತೂಹಲ ಅನಿಸೋದು ಬೇರೆ ವಿಷಯ. ಯಾರ ಹಂಗೂ ಬೇಡ ಅಂದ ಊರು ದಿನಾ ಕುಡಿಯುತ್ತಿದ್ದದ್ದು ಹೊರಗಿನ ನೀರು.

ಹಣ ಮಾಡಿದ್ದೇ ಪಾಪ ಅಂತ ಈ ಪತ್ರ ಹೇಳಲ್ಲ. ಒಮ್ಮೆ ಸ್ವಂತ ಬಲದಿಂದ ಎದ್ದವರಿಗೆ ಇನ್ನು ಯಾರೂ ಬೇಡ, ದೇವರೂ ಬೇಡ ಅನಿಸಿಬಿಡುತ್ತೆ. ಅಪಾಯ ಅಂತ ಅದು ತೋರಿಸೋದು ಇದನ್ನ. ಅದಕ್ಕೇ ಕೊನೆಯಲ್ಲಿ ಕ್ರಿಸ್ತ ಬಾಗಿಲ ಹೊರಗೆ ನಿಂತು ತಟ್ಟುತ್ತಾನೆ. ಒಳಗಿದ್ದವರು ಅವನ ಹೆಸರಿನಲ್ಲೇ ಸೇರಿದ್ದ ಸಭೆಯವರು. ಅಗುಳಿ ಇರೋದು ಒಳಗಡೆ.