ಸಾಧ್ಯ, ಅಸಾಧ್ಯ, ನಡುವೆ ಯಾಪ್ಯ

ಆಗುಂಬೆಯಲ್ಲಿ, ಹುಲಿಕಲ್ಲಿನಲ್ಲಿ ಆಷಾಢ ಹಿಡಿದರೆ ನಾವು 'ಅಸಾಧ್ಯ ಮಳೆ' ಎನ್ನುತ್ತೇವೆ. ಮಾತು ಕೇಳದವನು 'ಅಸಾಧ್ಯ ಹುಡುಗ', ಮಗ್ಗುಲು ತಿರುಗಲೂ ಬಿಡದ್ದು 'ಅಸಾಧ್ಯ ಬೆನ್ನುನೋವು'. 'ಆಗಲಾರದ್ದು' ಎಂಬ ಅರ್ಥ ಇಲ್ಲೆಲ್ಲೂ ಇಲ್ಲ, ಮಳೆ ಸುರಿಯುತ್ತಲೇ ಇದೆ. ಇರುವುದು 'ಕೈಮೀರಿದ್ದು' ಎಂಬ ಅರ್ಥ. ಇದು ವೈದ್ಯರ ಮನೆಯಿಂದ ಇಳಿದು ಬಂದದ್ದೆಂದು ನನ್ನ ಗುಮಾನಿ.

'ಸಾಧ್' ಎಂದರೆ ಗುರಿ ಮುಟ್ಟು, ನೆರವೇರಿಸು. ಅದರಿಂದ ಹುಟ್ಟಿದ ಸಾಧ್ಯ ವೇದದಲ್ಲಿ ಒಂದು ದೇವಗಣ, ನ್ಯಾಯಶಾಸ್ತ್ರದಲ್ಲಿ ಹೊಗೆಯೆಂಬ ಹೇತುವಿನಿಂದ ಸಿದ್ಧಪಡಬೇಕಾದ ಬೆಟ್ಟದ ಬೆಂಕಿ, ಆಯುರ್ವೇದದಲ್ಲಿ ಗುಣವಾಗಬಲ್ಲ ರೋಗ. ಸಂಧ್ಯೆ ಸಂಜೆಯಾಗಿ, ವಂಧ್ಯೆ ಬಂಜೆಯಾಗಿ, ಉಪಾಧ್ಯಾಯ ಓಜನಾಗಿ ಕನ್ನಡದ ಉಡುಗೆ ತೊಟ್ಟರೂ ಈ ಪದ ಮಾತ್ರ ಬಾಯಿಮಾತಿನಲ್ಲಿ ಮಹಾಪ್ರಾಣವನ್ನಷ್ಟೇ ಕಳಚಿ 'ಸಾದ್ಯ'ವಾಗಿ ನಿಂತಿತು.

ಚರಕಸಂಹಿತೆಯ ಸೂತ್ರಸ್ಥಾನ, 10ನೇ ಅಧ್ಯಾಯ. ಅಲ್ಲಿ ಸಾಧ್ಯವು ಸುಖಸಾಧ್ಯ, ಕೃಚ್ಛ್ರಸಾಧ್ಯ ಎಂದು ಕವಲೊಡೆಯುತ್ತದೆ. ಸೊಗಸೆಂದರೆ ಅಸಾಧ್ಯವೂ ಒಡೆಯುತ್ತದೆ. ವೈದ್ಯ ಕೈಬಿಡಬೇಕಾದದ್ದು ಒಂದು, ಯಾಪ್ಯ ಇನ್ನೊಂದು. 'ಯಾ' ಎಂದರೆ ಹೋಗು, ಯಾಪನ ಎಂದರೆ ಸಾಗಿಸುವುದು: ಬೇರುಸಹಿತ ಕೀಳಲಾಗದಿದ್ದರೂ ಪಥ್ಯ, ಮದ್ದು ನಡೆಯುವಷ್ಟು ಕಾಲ ರೋಗಿಯನ್ನು ಸಾಗಿಸಬಲ್ಲ ವ್ಯಾಧಿ ಯಾಪ್ಯ. ನಮ್ಮಲ್ಲಿ ಅದು 'ಕಾಲಯಾಪನೆ'ಯಲ್ಲಿ ಮಾತ್ರ ಉಳಿದಿದೆ, ಅದೂ ಸೋಮಾರಿಗಳ ಪಾಲಾಗಿ.

ಸಾಗರ ತಾಲ್ಲೂಕಿನ ನರಸೀಪುರದಲ್ಲಿ, 2020ರಲ್ಲಿ ತೀರಿಕೊಂಡ ವೈದ್ಯ ನಾರಾಯಣಮೂರ್ತಿಯವರ ಮನೆಯೆದುರು ಕ್ಯಾನ್ಸರಿನ ಮದ್ದಿಗೆ ದೂರದೂರದವರು ಸಾಲು ನಿಲ್ಲುತ್ತಿದ್ದರು. ಆ ಮದ್ದಿನ ಬಲಾಬಲ ಬೇರೆ ಚರ್ಚೆ, ಆದರೆ ಅಂಥ ಸಾಲಿನಲ್ಲಾಗಲಿ ದೊಡ್ಡಾಸ್ಪತ್ರೆಯಲ್ಲಾಗಲಿ ಪ್ರಶ್ನೆ ಒಂದೇ: "ಗುಣ ಆಗ್ತದಾ?" ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ ಬಯಸುವ ಪ್ರಶ್ನೆ.

ಬೆನ್ನುಮೂಳೆಯ ಅರ್ಬುದವನ್ನೇ, ಅಂದರೆ ಕ್ಯಾನ್ಸರ್ ಗಡ್ಡೆಯನ್ನೇ ನೋಡಿ: ಅದರ ಉತ್ತರ ಈ ಎರಡರಲ್ಲಿ ಹಿಡಿಯುವುದಿಲ್ಲ. ಬಹುಪಾಲು ಗಡ್ಡೆಗಳು ಅಲ್ಲಿಯೇ ಹುಟ್ಟಿದವಲ್ಲ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಮೂತ್ರಪಿಂಡಗಳಿಂದ ಹರಡಿ ಬಂದವು, ಹಾಗಾಗಿ ಆಯುಸ್ಸಿನ ಮಾತು ಮೂಲ ಯಾವುದೆಂಬುದರ ಮೇಲೆ ನಿಲ್ಲುತ್ತದೆ. ಬೆನ್ನುಹುರಿಯೊಳಗೇ ಹುಟ್ಟುವ ಎಪೆಂಡಿಮೋಮ ಪೂರ್ತಿ ತೆಗೆಯಲು ಸಿಕ್ಕರೆ ಸಾಧ್ಯದ ಕಡೆಗೆ ವಾಲುತ್ತದೆ, ಉಗ್ರದರ್ಜೆಯ ಆಸ್ಟ್ರೋಸೈಟೋಮ ಅದರ ಎದುರು ದಿಕ್ಕಿಗೆ; ಚಿಕಿತ್ಸೆ ಶುರುವಾಗುವಾಗ ರೋಗಿ ನಡೆಯುತ್ತಿದ್ದರೆ ಮುಂದೆಯೂ ನಡೆಯುವ ಸಂಭವ ಹೆಚ್ಚು, ಆದ್ದರಿಂದ ಕಾಲು ಸೋತರೆ ಕಾಯುವಂತಿಲ್ಲ.

'5 ವರ್ಷ ಬದುಕುಳಿಯುವ ಸಾಧ್ಯತೆ' ಎಂದು ವೈದ್ಯರು ಹೇಳುವಾಗ ನಮ್ಮ ಪದ ತವರಿಗೆ ಮರಳಿದೆ, ಆದರೆ ಅರ್ಥ ಬದಲಿಸಿಕೊಂಡು: ಅದು ವಾಸಿಯಾಗುವ ಭರವಸೆಯಲ್ಲ, 5 ವರ್ಷಕ್ಕೆ ಮುಗಿಯುತ್ತದೆಂಬ ಗಡುವೂ ಅಲ್ಲ, ಹಿಂದೆ ಅದೇ ರೋಗ ಪತ್ತೆಯಾದ ಒಂದು ಗುಂಪಿನಲ್ಲಿ ಅಷ್ಟು ಕಾಲದ ನಂತರ ಜೀವಂತವಿದ್ದವರ ಪ್ರಮಾಣ. ಚರಕನ ಸಾಧ್ಯ ಒಬ್ಬ ರೋಗಿಯ ಮಾತು, ಇದು ನೂರಾರು ಜನರ ಲೆಕ್ಕ. ಆಸ್ಪತ್ರೆಯ ಕರಪತ್ರಗಳು ಇಂಥ ಅಂದಾಜನ್ನು 'ಮುನ್ಸೂಚನೆ' ಎನ್ನುತ್ತವೆ. ಹವಾಮಾನ ಇಲಾಖೆಯ ಆ ಪದಕ್ಕಿಂತ ನನಗೆ ಹಳೆಯ 'ಸಾಧ್ಯಾಸಾಧ್ಯ'ವೇ ಮೇಲೆನಿಸುತ್ತದೆ, ಯಾಪ್ಯಕ್ಕೆ ಅದರೊಳಗೆ ಜಾಗವಿದೆ.